ಅಮ್ಮ ಒಬ್ಬಟ್ಟು ಕೇಳಿದರು: ಕ್ಯಾನ್ಸರ್ ಕೋಶದ ಹಸಿವಿಗೆ ಅಪ್ಪಣೆ ಕೊಡುವವರು ಯಾರು?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ 56 ವರ್ಷ. ಹೋದ ವರ್ಷ ಕೆನ್ನೆಯ ಒಳಗಡೆ ಕ್ಯಾನ್ಸರ್ ಆಗಿ ಆಪರೇಷನ್, ರೇಡಿಯೇಷನ್ ಎರಡೂ ಆಯಿತು. ಈಗ ಕುತ್ತಿಗೆಯಲ್ಲಿ ಮತ್ತೆ ಕಾಣಿಸಿಕೊಂಡಿದೆ. ಮಾತ್ರೆಗಳ ಜೊತೆಗೆ ಮೂರು ವಾರಕ್ಕೊಂದು ಸಲ ಕಡಿಮೆ ಡೋಸಿನ ಇಮ್ಯುನೊಥೆರಪಿ ಹಾಕುತ್ತಿದ್ದಾರೆ. ನಾಲ್ಕು ತಿಂಗಳಲ್ಲಿ 52 ಕೆಜಿ ಇದ್ದವರು 45ಕ್ಕೆ ಇಳಿದಿದ್ದಾರೆ. ಸಕ್ಕರೆಯೇ ಕ್ಯಾನ್ಸರ್‌ಗೆ ಆಹಾರ ಎಂದು ನೆಂಟರು ಹೇಳಿದ್ದರಿಂದ ಮುದ್ದೆ, ಅನ್ನ, ಹಣ್ಣು ಎಲ್ಲ ನಿಲ್ಲಿಸಿ ಸೊಪ್ಪಿನ ಕಟ್ಟು, ಅಮೃತಬಳ್ಳಿ ಪುಡಿ ಕೊಡುತ್ತಿದ್ದೇವೆ. ಡಾಕ್ಟರು ನೋಡಿದರೆ, ದೇಹದ ರೋಗನಿರೋಧಕ ರಾಸಾಯನಿಕಗಳೇ ಗೆಡ್ಡೆಗೆ ಸಕ್ಕರೆ ಎಳೆದುಕೊಳ್ಳುವುದನ್ನು ಹೇಳಿಕೊಡುತ್ತವೆ ಅಂದರು. ಹಾಗಿದ್ದರೆ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಂಜೆಕ್ಷನ್ ಯಾಕೆ ಹಾಕುತ್ತಾರೆ? ಯುಗಾದಿಗೆ ಅಮ್ಮ ಒಬ್ಬಟ್ಟು ಕೇಳಿದರು, ಕೊಡಲಿಲ್ಲ, ಅತ್ತುಬಿಟ್ಟರು. ನಾವು ಮಾಡಿದ್ದು ಸರಿಯೇ?

ಉತ್ತರ: ಮೊದಲು ಇವತ್ತಿನ ಕೆಲಸ ಹೇಳಿಬಿಡುತ್ತೇನೆ, ವಿವರಣೆ ಆಮೇಲೆ. ನಿಮ್ಮ ತಾಯಿಗೆ ಇವತ್ತು ರಾತ್ರಿಯಿಂದಲೇ ಊಟ ಶುರು ಮಾಡಿ. ಅಮೃತಬಳ್ಳಿ ಪುಡಿ ನಿಲ್ಲಿಸಿ, ಇಷ್ಟು ದಿನ ಕೊಟ್ಟಿದ್ದನ್ನು ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ನಾಲ್ಕು ತಿಂಗಳಲ್ಲಿ ಏಳು ಕೆಜಿ ಅಂದರೆ ಶೇ 13ಕ್ಕೂ ಹೆಚ್ಚು ತೂಕ ಹೋಗಿದೆ. ಆರು ತಿಂಗಳಲ್ಲಿ ಶೇ 5 ದಾಟಿದರೇ ಅದನ್ನು ಕ್ಯಾಕೆಕ್ಸಿಯ, ಅಂದರೆ ಕ್ಯಾನ್ಸರ್ ತರುವ ಸೊರಗು ಎಂದು ಗುರುತಿಸಬೇಕೆಂದು 2011ರಲ್ಲಿ ತಜ್ಞರು ಒಮ್ಮತಕ್ಕೆ ಬಂದಿದ್ದಾರೆ. ಪ್ರೀತಿಯಿಂದ ಪಥ್ಯ ಮಾಡಿಸಿದಿರಿ, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಆದರೆ ಆ ಪಥ್ಯ ಗೆಡ್ಡೆಯನ್ನು ಮುಟ್ಟಲಿಲ್ಲ, ಅಮ್ಮನನ್ನು ಮುಟ್ಟಿತು.

ನಿಮ್ಮ ಡಾಕ್ಟರು ಹೇಳಿದ ಮಾತೂ ನಿಜ, ಅವರು ಹಾಕುತ್ತಿರುವ ಇಂಜೆಕ್ಷನ್ನೂ ಸರಿ. ಎರಡೂ ಒಟ್ಟಿಗೆ ಹೇಗೆ ನಿಜ ಎನ್ನುವುದಕ್ಕೆ ಕ್ಯಾನ್ಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಒಂದು ಗಾಯದಿಂದ ಶುರು ಮಾಡೋಣ.

ಹೊಲದಲ್ಲಿ ಕಳೆ ಕೀಳುವಾಗ ಕುಡುಗೋಲು ತಾಗಿ ಬೆರಳು ಕೊಯ್ದುಕೊಂಡಿತು ಅನ್ನಿ. ಕೆಲವೇ ಗಂಟೆಗಳಲ್ಲಿ ಬಿಳಿ ರಕ್ತಕಣಗಳು ಅಲ್ಲಿ ಸೇರುತ್ತವೆ. ಅವು ಚಿಕ್ಕ ಚಿಕ್ಕ ಪ್ರೋಟೀನುಗಳನ್ನು ಸುರಿಸುತ್ತವೆ. ಐಎಲ್-6, ಐಎಲ್-1, ಟಿಎನ್‌ಎಫ್, ಇಂಟರ್‌ಫೆರಾನ್ ಎಂಬ ಹೆಸರಿನವು. ಇವಕ್ಕೆಲ್ಲ ಸೇರಿ ಸೈಟೊಕೈನ್ ಎನ್ನುತ್ತೇವೆ. ಇವು ತಾವಾಗಿ ಜೀವಕೋಶದ ಒಳಗೆ ಹೋಗಿ ಕೆಲಸ ಮಾಡುವುದಿಲ್ಲ, ಬಾಗಿಲಲ್ಲೇ ನಿಂತು ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಇಷ್ಟೇ: ಇಲ್ಲಿ ಕಷ್ಟ ಬಂದಿದೆ, ಚರ್ಮ ಹೊಲಿಯಬೇಕು, ಬೇಗ ಬೇಗ ಹೊಸ ಕೋಶಗಳಾಗಬೇಕು, ಅದಕ್ಕೆ ತಕ್ಕಂತೆ ಅಡುಗೆಮನೆ ಬದಲಾಯಿಸಿಕೊಳ್ಳಿ.

ಆ ಅಡುಗೆಮನೆಯಲ್ಲಿ ಎರಡು ಒಲೆಗಳಿವೆ. ಒಂದು ಗ್ಲೂಕೋಸ್ ಅಣುವನ್ನು ಮೈಟೊಕಾಂಡ್ರಿಯದಲ್ಲಿ, ಅಂದರೆ ಕೋಶದೊಳಗಿನ ಶಕ್ತಿ ತಯಾರಿಸುವ ಪುಟ್ಟ ಘಟಕದಲ್ಲಿ, ಆಮ್ಲಜನಕದೊಂದಿಗೆ ಪೂರ್ತಿ ಉರಿಸಿದರೆ ಕೋಶಕ್ಕೆ ಸುಮಾರು 30 ಎಟಿಪಿ ಸಿಗುತ್ತದೆ. ಎಟಿಪಿ ಅಂದರೆ ಕೋಶ ಖರ್ಚು ಮಾಡುವ ಚಿಲ್ಲರೆ ಹಣ. ಅದನ್ನೇ ಮೈಟೊಕಾಂಡ್ರಿಯದ ಹೊರಗೆ ಅರ್ಧಂಬರ್ಧ ಮುರಿದು ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಗೆಸೆದರೆ ಉಳಿಯುವುದು ಎರಡೇ ಎರಡು. ಇಷ್ಟು ನಷ್ಟದ ದಾರಿಯನ್ನು ಬೆಳೆಯುವ ಕೋಶ ಯಾಕೆ ಹಿಡಿಯುತ್ತದೆ? ಮನೆ ಕಟ್ಟುತ್ತಿರುವವನು ಇರುವ ಮರವನ್ನೆಲ್ಲ ಸೌದೆ ಮಾಡಿ ಒಲೆಗೆ ಹಾಕಿದರೆ ತೊಲೆಗೆ ಏನು ಮಾಡಬೇಕು? ಹೊಸ ಕೋಶಕ್ಕೆ ಹೊಸ ಡಿಎನ್‌ಎ, ಹೊಸ ಕೊಬ್ಬಿನ ಪೊರೆ, ಹೊಸ ಪ್ರೋಟೀನು ಬೇಕು. ಅದಕ್ಕೆಲ್ಲ ಬೇಕಾದ ಇಂಗಾಲ ಮೈಟೊಕಾಂಡ್ರಿಯದ ಹೊರಗೆ ಗ್ಲೂಕೋಸ್ ಮುರಿಯುವ ಈ ದಾರಿಯ ನಡುನಡುವೆಯೇ ಕವಲೊಡೆದು ಹೋಗುತ್ತದೆ. ಜೊತೆಗೆ ಈ ದಾರಿ ಬಲು ವೇಗದ್ದು.

ನಮ್ಮ ಕಡೆಯವರಿಗೆ ಕೆರೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಕೋಲಾರದ ಹಳ್ಳಿಗಳಲ್ಲಿ ಹಿಂದೆ ಪ್ರತಿ ಕೆರೆಗೂ ಒಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ನೀರು ಎನ್ನುವುದು ಅವನ ಕೈಯಲ್ಲಿ. ಊರ ಹಿರಿಯರ ಮಾತು ಬರದೆ ಅವನು ತೂಬು ಮುಟ್ಟುತ್ತಿರಲಿಲ್ಲ. ಕೋಶದ ಒಳಗೂ ಅಂಥ ನೀರಗಂಟಿಗಳಿದ್ದಾರೆ. ಐಎಲ್-6 ಬಂದು ಕೋಶದ ಹೊರಮೈಯಲ್ಲಿ ಸುದ್ದಿ ಪಡೆಯುವ ಗ್ರಾಹಕ ಪ್ರೋಟೀನನ್ನು ಹಿಡಿದುಕೊಂಡ ಕೂಡಲೆ ಒಳಗಡೆ ಜ್ಯಾಕ್ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಅದು ಸ್ಟಾಟ್-3 ಎಂಬ ಪ್ರೋಟೀನಿಗೆ ಒಂದು ಫಾಸ್ಫೇಟ್ ಗುರುತು ಹಚ್ಚುತ್ತದೆ. ಗುರುತು ಬಿದ್ದ ಸ್ಟಾಟ್-3 ಕೋಶಕೇಂದ್ರಕ್ಕೆ ಹೋಗಿ ಹಲವು ಜೀನುಗಳನ್ನು ಎಬ್ಬಿಸುತ್ತದೆ. ಟಿಎನ್‌ಎಫ್‌ನ ಸುದ್ದಿ ಇನ್ನೊಂದು ದಾರಿಯಲ್ಲಿ, ಎನ್‌ಎಫ್-ಕಪ್ಪ-ಬಿ ಎಂಬ ಪ್ರೋಟೀನಿನ ಮೂಲಕ ಅಲ್ಲಿಗೇ ಬಂದು ಮುಟ್ಟುತ್ತದೆ. ಎರಡೂ ದಾರಿ ಕೂಡುವ ಮುಖ್ಯ ಜಾಗ ಹಿಫ್-1.

ಹಿಫ್-1 ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಇದು ಉಸಿರುಗಟ್ಟಿದಾಗಿನ ಆಪತ್ಕಾಲದ ಪ್ರೋಟೀನು. ಆಮ್ಲಜನಕ ಸಾಕಷ್ಟಿದ್ದರೆ ಕೋಶ ಇದನ್ನು ಹುಟ್ಟಿದ ಹಾಗೇ ಮುರಿದುಹಾಕುತ್ತಿರುತ್ತದೆ. ಆಮ್ಲಜನಕ ಕಡಿಮೆಯಾದಾಗ ಮಾತ್ರ ಉಳಿಸಿಕೊಳ್ಳುತ್ತದೆ. ಈ ಗುಟ್ಟನ್ನು ಬಿಡಿಸಿದ್ದಕ್ಕೆ ಸೆಮೆಂಝ, ರ್‍ಯಾಟ್‌ಕ್ಲಿಫ್, ಕೇಲಿನ್ ಮೂವರಿಗೂ 2019ರ ನೊಬೆಲ್ ಬಂತು. ಸೈಟೊಕೈನುಗಳು ಮಾಡುವುದೇನೆಂದರೆ, ಹಿಫ್-1ರ ಜೀನನ್ನೇ ಜೋರಾಗಿ ಓದಿಸಿ, ಮುರಿಯುವ ವೇಗಕ್ಕಿಂತ ಹುಟ್ಟುವ ವೇಗವನ್ನು ಮೇಲೆ ತರುತ್ತವೆ. ಆಮ್ಲಜನಕ ಇದ್ದರೂ ಕೋಶ ಉಸಿರುಗಟ್ಟಿದಂತೆ ವರ್ತಿಸತೊಡಗುತ್ತದೆ. ಹಿಫ್-1 ಎದ್ದರೆ ಕೋಶದ ಗೋಡೆಯಲ್ಲಿ ಗ್ಲೂಟ್-1 ಎಂಬ ಗ್ಲೂಕೋಸ್ ಬಾಗಿಲುಗಳು ಹೆಚ್ಚುತ್ತವೆ, ಒಳಬಂದ ಗ್ಲೂಕೋಸನ್ನು ಹಿಡಿದಿಡುವ ಹೆಕ್ಸೊಕೈನೇಸ್ ಹೆಚ್ಚುತ್ತದೆ, ಲ್ಯಾಕ್ಟಿಕ್ ಆಮ್ಲ ಮಾಡುವ ಕಿಣ್ವ ಹೆಚ್ಚುತ್ತದೆ. ಪಿಡಿಕೆ-1 ಎಂಬ ಇನ್ನೊಂದು ಕಿಣ್ವ ಹೋಗಿ ಮೈಟೊಕಾಂಡ್ರಿಯದ ಕಡೆಯ ತೂಬನ್ನು ಇಳಿಸಿಬಿಡುತ್ತದೆ. ನೀರೆಲ್ಲ ಪಕ್ಕದ ಕಾಲುವೆಗೆ ತಿರುಗುತ್ತದೆ.

ಜರ್ಮನಿಯ ಆಟೊ ವಾರ್ಬರ್ಗ್ 1920ರ ದಶಕದಲ್ಲೇ ಗೆಡ್ಡೆಯ ತೆಳು ಚೂರುಗಳನ್ನಿಟ್ಟುಕೊಂಡು ಇದನ್ನು ಕಂಡಿದ್ದರು. ಗಾಳಿ ಧಾರಾಳವಾಗಿದ್ದರೂ ಕ್ಯಾನ್ಸರ್ ಕೋಶ ಗ್ಲೂಕೋಸ್ ನುಂಗಿ ಲ್ಯಾಕ್ಟಿಕ್ ಆಮ್ಲ ಕಕ್ಕುತ್ತಿತ್ತು. ಮೈಟೊಕಾಂಡ್ರಿಯ ಕೆಟ್ಟಿರುವುದರಿಂದ ಹೀಗಾಗುತ್ತದೆ ಎಂದು ಅವರು ತೀರ್ಮಾನಿಸಿದರು. ಅಷ್ಟರಮಟ್ಟಿಗೆ ಅವರು ತಪ್ಪಿದರು. ಬಹಳಷ್ಟು ಗೆಡ್ಡೆಗಳಲ್ಲಿ ಮೈಟೊಕಾಂಡ್ರಿಯ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸ್ಟಾಟ್-3ರ ಒಂದು ಪಾಲು ಮೈಟೊಕಾಂಡ್ರಿಯದೊಳಗೇ ಸೇರಿ ಅದರ ಕೆಲಸಕ್ಕೆ ಕೈಗೂಡಿಸುವುದೂ ಉಂಟು. ಕೆರೆ ಬತ್ತಿಲ್ಲ, ತೂಬು ಇಳಿದಿದೆ, ಅಷ್ಟೆ. ತೂಬನ್ನು ಮತ್ತೆ ಎತ್ತಬಹುದು ಎನ್ನುವ ಕಾರಣಕ್ಕೇ ಈ ವ್ಯತ್ಯಾಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಬೆರಳಿನ ಗಾಯಕ್ಕೆ ಹಿಂತಿರುಗಿ. ಹತ್ತು ಹದಿನೈದು ದಿನಕ್ಕೆ ಗಾಯ ಮಾಗುತ್ತದೆ, ಸುದ್ದಿ ನಿಲ್ಲುತ್ತದೆ, ತೂಬು ಮೊದಲಿನ ಸ್ಥಿತಿಗೆ ಬರುತ್ತದೆ. ಗೆಡ್ಡೆಯಲ್ಲಿ ಆ ದಿನವೇ ಬರುವುದಿಲ್ಲ. ಅಮೆರಿಕದ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗೆಡ್ಡೆಯನ್ನು ಎಂದೂ ಮಾಗದ ಗಾಯಕ್ಕೆ ಹೋಲಿಸಿದ್ದು ಇದಕ್ಕೇ. ನಮ್ಮ ಜಿಲ್ಲೆಯಲ್ಲಿ ಆ ಹೋಲಿಕೆ ಬರೀ ಹೋಲಿಕೆಯಾಗಿ ಉಳಿದಿಲ್ಲ. ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ ಸೇರಿಸಿ ದವಡೆಗೆ ಒತ್ತರಿಸಿಕೊಂಡು, ರಾತ್ರಿ ಅದನ್ನು ಉಗುಳದೆ ಹಾಗೇ ಮಲಗುವ ಅಭ್ಯಾಸ ಇಲ್ಲಿನ ಹೆಂಗಸರಲ್ಲಿ ಎಷ್ಟಿದೆ ಎಂದು ನಿಮಗೇ ಗೊತ್ತು. ನನ್ನ ಅಜ್ಜಿಯೂ ಹಾಗೇ ಮಲಗುತ್ತಿದ್ದರು. ಬೆಳಗ್ಗೆ ತಲೆದಿಂಬಿನ ಮೇಲೆ ಕೆಂಪು ಕಲೆ ಇರುತ್ತಿತ್ತು. ಸುಣ್ಣದ ಉರಿ, ತಂಬಾಕಿನ ವಿಷ, ಅಡಿಕೆಯ ಅರೆಕೊಲೀನ್ ಎಲ್ಲ ಒಂದೇ ಜಾಗಕ್ಕೆ ವರ್ಷಗಟ್ಟಲೆ ತಾಗುತ್ತಿದ್ದರೆ ಆ ಕೆನ್ನೆಯ ಒಳಪದರದಲ್ಲಿ ಗಾಯ, ಉರಿಯೂತ, ಮಾಗು, ಮತ್ತೆ ಗಾಯ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಸಾರಿದೆ. ತುಮಕೂರಿನ ತೋಟದವರಿಗೆ ಈ ಮಾತು ಕಹಿ. ಆದರೂ ಹೇಳಲೇಬೇಕು. ಅಡಿಕೆ ಜಗಿಯುವವರ ಬಾಯಿ ಬಿಗಿದುಕೊಂಡು ಮೂರು ಬೆರಳೂ ಹೋಗದಂತಾಗುತ್ತದಲ್ಲ, ಅದರ ಹಿಂದೆ ಟಿಜಿಎಫ್-ಬೀಟ ಎಂಬ ಮತ್ತೊಂದು ಸೈಟೊಕೈನ್ ಇದೆ. ಅದು ನಾರಿನ ಕೋಶಗಳನ್ನು ಎಬ್ಬಿಸುತ್ತದೆ. ಬಾಯಿ ಕ್ಯಾನ್ಸರ್ ಇರುವವರ ಜೊಲ್ಲಿನಲ್ಲಿಯೇ ಐಎಲ್-6 ಹೆಚ್ಚಿರುವುದನ್ನು ಹಲವರು ಅಳೆದು ತೋರಿಸಿದ್ದಾರೆ. ಕೊನೆಗೆ ಕ್ಯಾನ್ಸರ್ ಕೋಶ ಹೊರಗಿನ ಸುದ್ದಿಗೂ ಕಾಯುವುದಿಲ್ಲ. ತಾನೇ ಐಎಲ್-6 ಮಾಡಿ ತನಗೇ ಕಳುಹಿಸಿಕೊಳ್ಳುತ್ತದೆ.

ಇನ್ನು ನಿಮ್ಮ ಇಂಜೆಕ್ಷನ್ ಪ್ರಶ್ನೆ. ಗೆಡ್ಡೆಯೊಳಗೆ ಕ್ಯಾನ್ಸರ್ ಕೋಶ ಒಂದೇ ಇರುವುದಿಲ್ಲ. ಅದನ್ನು ಕೊಲ್ಲಲು ಬಂದ ಟಿ-ಕೋಶ ಎಂಬ ಬಿಳಿ ರಕ್ತಕಣಗಳೂ ಇರುತ್ತವೆ, ಅವಕ್ಕೂ ಗ್ಲೂಕೋಸ್ ಬೇಕು. ಗ್ಲೂಕೋಸ್ ಸಾಲದಿದ್ದರೆ ಟಿ-ಕೋಶ ತನ್ನ ಮುಖ್ಯ ಆಯುಧವಾದ ಇಂಟರ್‌ಫೆರಾನ್-ಗಾಮಾ ಮಾಡುವುದನ್ನೇ ಕುಗ್ಗಿಸುತ್ತದೆ ಎಂದು 2013ರಿಂದೀಚಿನ ಪ್ರಯೋಗಗಳು ತೋರಿಸಿವೆ. ಹಾಲು ಮೊಸರಾಗುವಾಗ ಹುಟ್ಟುವ ಅದೇ ಲ್ಯಾಕ್ಟಿಕ್ ಆಮ್ಲ ಗೆಡ್ಡೆಯ ಸುತ್ತ ತುಂಬಿಕೊಂಡು ಟಿ-ಕೋಶವನ್ನು ಮತ್ತಷ್ಟು ಮಂಕಾಗಿಸುತ್ತದೆ. ಪಕ್ಕದ ಜಮೀನಿನವರು 1,500 ಅಡಿ ಬೋರು ಕೊರೆಸಿದಾಗ ನಮ್ಮ 300 ಅಡಿಯದು ಬತ್ತಿಹೋದ ಹಾಗೆ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಆದರೆ 2021ರಲ್ಲಿ ಇಲಿಗಳ ಗೆಡ್ಡೆಗಳಲ್ಲಿ ಒಂದೊಂದು ಬಗೆಯ ಕೋಶವನ್ನೂ ಬೇರೆ ಮಾಡಿ ಅಳೆದಾಗ, ಕೋಶವೊಂದಕ್ಕೆ ಅತಿ ಹೆಚ್ಚು ಗ್ಲೂಕೋಸ್ ಹೀರುತ್ತಿದ್ದದ್ದು ಮ್ಯಾಕ್ರೊಫೇಜ್ ಗುಂಪಿನ ಬಿಳಿ ರಕ್ತಕಣಗಳು. ಕ್ಯಾನ್ಸರ್ ಕೋಶಗಳು ಗ್ಲುಟಮಿನ್ ಎಂಬ ಅಮೈನೊ ಆಮ್ಲದ ಕಡೆಗೆ ಹೆಚ್ಚು ವಾಲಿದ್ದವು. ಅಂದಿನಿಂದ ಆ ಬೋರ್‌ವೆಲ್ ಹೋಲಿಕೆಯನ್ನು ನಾನು ಎಚ್ಚರಿಕೆಯಿಂದ ಬಳಸುತ್ತೇನೆ. ಯಾವ ಕೋಶ ಎಷ್ಟು ತಿನ್ನುತ್ತದೆ ಎನ್ನುವುದನ್ನು ಸಕ್ಕರೆಯ ಕೊರತೆಗಿಂತ ಒಳಗಿನ ಅಪ್ಪಣೆಯೇ ಹೆಚ್ಚಾಗಿ ನಿರ್ಧರಿಸುತ್ತದೆ ಎಂದು ಆ ಕೆಲಸ ಕಲಿಸಿತು.

ಇಂಟರ್‌ಫೆರಾನ್-ಗಾಮಾಕ್ಕೆ ಎರಡು ಮುಖ. ಅದು ಕ್ಯಾನ್ಸರ್ ಕೋಶ ಸಿಸ್ಟೀನ್ ಎಂಬ ಅಮೈನೊ ಆಮ್ಲ ಎಳೆದುಕೊಳ್ಳುವ ಬಾಗಿಲನ್ನು ಕುಗ್ಗಿಸುತ್ತದೆ. ಸಿಸ್ಟೀನ್ ಇಲ್ಲದೆ ಕೋಶಕ್ಕೆ ತನ್ನ ಕೊಬ್ಬಿನ ಪೊರೆ ತುಕ್ಕು ಹಿಡಿಯದಂತೆ ಕಾಯ್ದುಕೊಳ್ಳಲು ಆಗುವುದಿಲ್ಲ, ಕಬ್ಬಿಣದಿಂದಾಗುವ ಆ ತುಕ್ಕಿಗೆ ಅದು ಸಾಯುತ್ತದೆ. 2019ರಲ್ಲಿ ಗೊತ್ತಾದ ಸಂಗತಿ ಇದು. ಅದೇ ಇಂಟರ್‌ಫೆರಾನ್ ಬಹಳ ದಿನ ಸುರಿಯುತ್ತಿದ್ದರೆ ಕ್ಯಾನ್ಸರ್ ಕೋಶ ಎರಡು ಗುರಾಣಿ ಕಟ್ಟಿಕೊಳ್ಳುತ್ತದೆ. ಒಂದು, ಐಡಿಒ ಎಂಬ ಕಿಣ್ವ; ಅದು ಟಿ-ಕೋಶಕ್ಕೆ ಬೇಕಾದ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ಮುರಿದು ಖಾಲಿ ಮಾಡುತ್ತದೆ. ಇನ್ನೊಂದು ಪಿಡಿ-ಎಲ್1 ಎಂಬ ಪ್ರೋಟೀನು. ಟಿ-ಕೋಶದ ಮೇಲಿನ ಪಿಡಿ-1 ಎಂಬ ತಡೆಗುಂಡಿಯನ್ನು ಅದು ಒತ್ತಿದರೆ ಟಿ-ಕೋಶ ನಿಂತಲ್ಲೇ ನಿಲ್ಲುತ್ತದೆ, ಗ್ಲೂಕೋಸ್ ಬಳಸುವ ಶಕ್ತಿಯೂ ಕುಂದುತ್ತದೆ. ನಿಮ್ಮ ತಾಯಿಗೆ ಕಡಿಮೆ ಡೋಸಿನಲ್ಲಿ ಕೊಡುತ್ತಿರುವುದು ನಿವೊಲುಮ್ಯಾಬ್ ಆಗಿದ್ದರೆ, ಅದು ಈ ಒತ್ತುವಿಕೆಯನ್ನು ತಡೆಯುವ ಔಷಧ. ರೋಗನಿರೋಧಕ ವ್ಯವಸ್ಥೆಯ ಎಲ್ಲ ತೂಬುಗಳನ್ನೂ ಎತ್ತುವ ಕೆಲಸ ಅದರದ್ದಲ್ಲ. ಟಿ-ಕೋಶದ ಕಡೆಯ ಒಂದು ತೂಬು, ಅಷ್ಟೆ.

ಡೋಸ್ ಕಡಿಮೆ ಎಂದು ಚಿಂತೆ ಬೇಡ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ತಲೆ-ಕುತ್ತಿಗೆಯ ಕ್ಯಾನ್ಸರ್ ಮುಂದುವರಿದವರಲ್ಲಿ ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ಕೊಟ್ಟು ಪರೀಕ್ಷಿಸಿದರು. ಬೇರೆ ಕಡೆ ಎರಡು ವಾರಕ್ಕೇ 240 ಮಿಲಿಗ್ರಾಂ ಕೊಡುವುದುಂಟು. ಮೂರು ಬಗೆಯ ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ಶೇ 16.3, ಮಾತ್ರೆಯ ಜೊತೆ ಈ ಚಿಕ್ಕ ಡೋಸ್ ಪಡೆದವರಲ್ಲಿ ಶೇ 43.4. ಇವು ಒಂದು ಗುಂಪಿನ ಅಂಕಿ, ನಿಮ್ಮ ತಾಯಿಯ ಭವಿಷ್ಯ ಇದರಲ್ಲಿ ಬರೆದಿಲ್ಲ. ನಮ್ಮ ದೇಶದ ಬಡವರ ಕೈಗೆ ಎಟುಕುವಂತೆ ನಮ್ಮವರೇ ಯೋಚಿಸಿ ಮಾಡಿದ ಆ ಕೆಲಸವನ್ನು ನೆನೆದಾಗಲೆಲ್ಲ ನನಗೆ ಕೃತಜ್ಞತೆ ಮೂಡುತ್ತದೆ. ಆ ಮೂರು ಮಾತ್ರೆಗಳಲ್ಲಿ ಒಂದಾದ ಸೆಲೆಕಾಕ್ಸಿಬ್ ಕೂಡ ಉರಿಯೂತದ ಒಂದು ಸಂದೇಶವನ್ನೇ ತಗ್ಗಿಸುವಂಥದ್ದು.

ಹಾಗಾದರೆ ಐಎಲ್-6, ಟಿಎನ್‌ಎಫ್ ಎಲ್ಲವನ್ನೂ ಔಷಧ ಕೊಟ್ಟು ಮುಚ್ಚಿಬಿಡಬಾರದೇ ಎಂದು ನೀವು ಕೇಳಬಹುದು. ಪ್ರಯತ್ನಗಳಾಗಿವೆ. ಸೊರಗಿದ ರೋಗಿಗಳಿಗೆ ಟಿಎನ್‌ಎಫ್ ತಡೆಯುವ ಔಷಧ ಕೊಟ್ಟು ನೋಡಿದರು, ತೂಕ ಹಿಂತಿರುಗಲಿಲ್ಲ. ಐಡಿಒ ತಡೆಯುವ ಮಾತ್ರೆಯನ್ನು ಇಮ್ಯುನೊಥೆರಪಿಗೆ ಸೇರಿಸಿದ ದೊಡ್ಡ ಪರೀಕ್ಷೆ 2018ರಲ್ಲಿ ಸೋತಿತು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕ್ಯಾನ್ಸರ್ ಕೋಶದ ಶಕ್ತಿಯನ್ನು ಕುಗ್ಗಿಸೀತು ಎಂದು ಸಕ್ಕರೆ ಕಾಯಿಲೆ ಇಲ್ಲದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದ ಪರೀಕ್ಷೆಯಲ್ಲೂ ಲಾಭ ಕಾಣಲಿಲ್ಲವೆಂದು 2022ರಲ್ಲಿ ವರದಿಯಾಯಿತು. ಒಂದು ಸಂದೇಶ ಮುಚ್ಚಿದರೆ ಇನ್ನೊಂದು ಅದೇ ಕೆಲಸ ಮಾಡಿಸುತ್ತದೆ.

ಅಮ್ಮನ ತೂಕದ ಮಾತಿಗೆ ಬರುತ್ತೇನೆ, ನನ್ನ ಮನಸ್ಸೆಲ್ಲ ಅಲ್ಲೇ ಇದೆ. ಗೆಡ್ಡೆಯ ಸೈಟೊಕೈನುಗಳು ಗೆಡ್ಡೆಯಲ್ಲೇ ಕೂತಿರುವುದಿಲ್ಲ, ರಕ್ತಕ್ಕೆ ಬರುತ್ತವೆ. 1975ರಲ್ಲಿ ಗೆಡ್ಡೆಯನ್ನು ಕೊಲ್ಲುವ ಗುಣಕ್ಕಾಗಿ ಟಿಎನ್‌ಎಫ್ ಎಂದು ಹೆಸರಿಟ್ಟ ಪ್ರೋಟೀನು, ಪ್ರಾಣಿಗಳನ್ನು ಸೊರಗಿಸುವ ಕ್ಯಾಕೆಕ್ಟಿನ್ ಎಂಬುದೇ ಆಗಿತ್ತು ಎಂದು 1985ರಲ್ಲಿ ತಿಳಿಯಿತು. ಈ ಸಂದೇಶಗಳು ಮೆದುಳಿಗೆ ಮುಟ್ಟಿದರೆ ಹಸಿವು ಸಾಯುತ್ತದೆ. ಸ್ನಾಯುವಿಗೆ ಮುಟ್ಟಿದರೆ ಸ್ನಾಯು ತನ್ನನ್ನೇ ಕರಗಿಸಿಕೊಳ್ಳುತ್ತದೆ. ಯಕೃತ್ತಿಗೆ ಮುಟ್ಟಿದರೆ ಅದು ಉರಿಯೂತದ ಗುರುತಾದ ಸಿಆರ್‌ಪಿ ಎಂಬ ಪ್ರೋಟೀನು ಮಾಡುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಸಿಆರ್‌ಪಿ ಹೆಚ್ಚಿದ್ದರೆ ಐಎಲ್-6 ಯಕೃತ್ತಿಗೆ ಕಳುಹಿಸಿದ ಸುದ್ದಿ ಅದು. ಇದರ ಮೇಲೆ ಗೆಡ್ಡೆ ಎಸೆದ ಲ್ಯಾಕ್ಟಿಕ್ ಆಮ್ಲ ರಕ್ತದಲ್ಲಿ ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಅದನ್ನು ಮತ್ತೆ ಗ್ಲೂಕೋಸ್ ಮಾಡಲು ಆರು ಎಟಿಪಿಯಷ್ಟು ಖರ್ಚು ಮಾಡುತ್ತದೆ. ಗೆಡ್ಡೆ ಅದರಿಂದ ಗಳಿಸಿದ್ದು ಎರಡು. ಆ ಆರು ನಿಮ್ಮ ಅಮ್ಮನ ಗಂಟಿನಿಂದ ಹೋಗುತ್ತದೆ. ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ ಗುರುತಿಸಿದ ಈ ಚಕ್ರ ಆರೋಗ್ಯವಂತ ದೇಹದಲ್ಲೂ ಓಡುತ್ತದೆ, ಆದರೆ ಇಷ್ಟು ಹೊತ್ತು ಓಡುವುದಿಲ್ಲ.

ಮುದ್ದೆ ನಿಲ್ಲಿಸಿದಾಗ ಏನಾಯಿತೆಂದು ಈಗ ನೀವೇ ಊಹಿಸಬಹುದು. ರಕ್ತದ ಗ್ಲೂಕೋಸ್ ಬೀಳಲು ದೇಹ ಬಿಡುವುದಿಲ್ಲ. ಊಟದಿಂದ ಬಾರದಿದ್ದರೆ ಸ್ನಾಯುವಿನ ಪ್ರೋಟೀನು ಕರಗಿಸಿ, ಅದರ ಅಮೈನೊ ಆಮ್ಲಗಳಿಂದ ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ. ಗೆಡ್ಡೆಗೆ ಗ್ಲೂಕೋಸೂ ಸಿಕ್ಕಿತು, ಸ್ನಾಯುವಿನಿಂದ ಬಂದ ಗ್ಲುಟಮಿನ್ನೂ ಸಿಕ್ಕಿತು. ತಟ್ಟೆಯಲ್ಲಿ ಉಳಿದ ಮುದ್ದೆಯ ಬದಲು ಅಮ್ಮನ ತೊಡೆ, ತೋಳು ಕರಗಿದವು.

ಗ್ಲೂಕೋಸಿನಂಥ ವಸ್ತುವನ್ನು ಚುಚ್ಚಿ, ಅದು ಎಲ್ಲಿ ಸೇರುತ್ತದೆಂದು ನೋಡುವ ಪೆಟ್ ಸ್ಕ್ಯಾನಿನಲ್ಲಿ ಗೆಡ್ಡೆ ಹೊಳೆಯಿತು, ಅದಕ್ಕೇ ಸಕ್ಕರೆ ಬಿಡಬೇಕು ಎಂದು ನೆಂಟರು ವಾದಿಸಬಹುದು. ಆ ಸ್ಕ್ಯಾನಿಗೆ ನಾಲ್ಕೈದು ಗಂಟೆ ಉಪವಾಸ ಮಾಡಿಸಿಯೇ ಕರೆದುಕೊಂಡು ಹೋಗುತ್ತಾರೆ. ಹೊಟ್ಟೆ ಖಾಲಿ ಇದ್ದಾಗಲೂ ಗೆಡ್ಡೆ ಗ್ಲೂಕೋಸ್ ಎಳೆಯುತ್ತಿತ್ತು ಎಂದೇ ಅದರ ಅರ್ಥ. ಕ್ಷಯದ ಗಂಟೂ ಅದೇ ಥರ ಹೊಳೆಯುತ್ತದೆ, ಯಾಕೆಂದರೆ ಅಲ್ಲೂ ಉರಿಯೂತದ ಕೋಶಗಳಿರುತ್ತವೆ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಲೆಕ್ಕ ಬೇರೆ. ಆಗಲೂ ಉಪವಾಸ ಬೇಡ, ಔಷಧದಿಂದ ಹಿಡಿತದಲ್ಲಿಟ್ಟು ಊಟ ಕೊಡಬೇಕು.

ಏನು ಕೊಡುವುದು? ಕ್ಯಾನ್ಸರ್ ರೋಗಿಗೆ ದಿನಕ್ಕೆ ಕೆಜಿ ತೂಕಕ್ಕೆ 25ರಿಂದ 30 ಕಿಲೊಕ್ಯಾಲರಿ, 1ರಿಂದ 1.5 ಗ್ರಾಂ ಪ್ರೋಟೀನು ಬೇಕೆನ್ನುತ್ತಾರೆ. 45 ಕೆಜಿಯ ಅಮ್ಮನಿಗೆ ಅದು ಸುಮಾರು 1,100ರಿಂದ 1,350 ಕಿಲೊಕ್ಯಾಲರಿ, 45ರಿಂದ 67 ಗ್ರಾಂ ಪ್ರೋಟೀನು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಎಂಟು. ರೇಡಿಯೇಷನ್ ಆದ ಬಾಯಿ ಒಣಗಿರುತ್ತದೆ, ಉರಿಯುತ್ತದೆ, ಖಾರ ತಡೆಯುವುದಿಲ್ಲ. ಆದ್ದರಿಂದ ಮುದ್ದೆಯನ್ನೇ ತೆಳ್ಳಗೆ ಬೇಳೆಕಟ್ಟಿನಲ್ಲಿ ಕರಗಿಸಿ, ತುಪ್ಪ ಹಾಕಿ. ಹಾಲು ಬೆರೆಸಿದ ರಾಗಿ ಗಂಜಿ, ಹಿತಕಿದ ಅವರೆಬೇಳೆಯನ್ನು ಖಾರವಿಲ್ಲದೆ ನುಣ್ಣಗೆ ರುಬ್ಬಿದ ಸಾರು, ಮೆತ್ತಗೆ ಬೇಯಿಸಿದ ಮೊಟ್ಟೆ, ಕಾಲದಲ್ಲಿ ಮಾವಿನ ರಸ. ಮೂರು ಹೊತ್ತು ತುಂಬ ಬಡಿಸುವುದಕ್ಕಿಂತ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ನುಂಗಲು ಆಗುತ್ತಿಲ್ಲ, ಕೆಮ್ಮು ಬರುತ್ತದೆ ಎಂದಾದರೆ ಮೂಗಿನ ನಳಿಕೆಯ ಬಗ್ಗೆ ಡಾಕ್ಟರನ್ನು ನೀವೇ ಕೇಳಿ. ನಳಿಕೆ ಹಾಕಿದರೆ ಎಲ್ಲ ಮುಗಿಯಿತು ಎಂದು ನಮ್ಮೂರಲ್ಲಿ ಹೆದರುತ್ತಾರೆ. ಊಟ ಸೇರಲಿ ಎಂದು ಹಾಕುವುದು ಅದು, ತೂಕ ನಿಂತ ಮೇಲೆ ತೆಗೆಸಿಕೊಂಡವರೂ ಇದ್ದಾರೆ. ಆಗುವಷ್ಟು ದಿನ ಅಂಗಳದಲ್ಲಿ ನಡೆಸಿ. ಕೆಲಸ ಕೊಟ್ಟ ಸ್ನಾಯು ಸುಲಭಕ್ಕೆ ಕರಗುವುದಿಲ್ಲ.

ಅಮೃತಬಳ್ಳಿ ಯಾಕೆ ಬೇಡವೆಂದೆ? ಕೋವಿಡ್ ಕಾಲದಲ್ಲಿ ಅದನ್ನು ತೆಗೆದುಕೊಂಡ ಕೆಲವರಿಗೆ ರೋಗನಿರೋಧಕ ಕಣಗಳೇ ಯಕೃತ್ತಿನ ಮೇಲೆ ಬಿದ್ದ ಪ್ರಕರಣಗಳನ್ನು ಮುಂಬೈನ ಯಕೃತ್ತು ತಜ್ಞರು 2021ರಲ್ಲಿ ವರದಿ ಮಾಡಿದರು. ನಿವೊಲುಮ್ಯಾಬ್ ತಾನೇ ಅಂಥ ಹೆಪಟೈಟಿಸ್ ತರಬಲ್ಲದು. ಮಾತ್ರೆಗಳಲ್ಲಿ ಮೆಥೊಟ್ರೆಕ್ಸೇಟ್ ಇದ್ದರೆ ಅದೂ ಯಕೃತ್ತಿಗೆ ಭಾರ. ಯಕೃತ್ತಿನ ಸ್ಥಿತಿ ತಿಳಿಸುವ ಎಲ್‌ಎಫ್‌ಟಿ ರಕ್ತಪರೀಕ್ಷೆ ಒಮ್ಮೆ ಮಾಡಿಸಿ, ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಮುಂದಿನ ಇಂಜೆಕ್ಷನ್ನಿನ ದಿನಕ್ಕೆ ಕಾಯಬೇಡಿ. ಇನ್ನೊಂದು ಮಾತು ಮೆಲ್ಲಗೆ ಕೇಳಿ ತಿಳಿಯಿರಿ: ಅಮ್ಮ ಈಗಲೂ ಕಡ್ಡಿಪುಡಿ ಗುಟ್ಟಾಗಿ ಹಾಕುತ್ತಿದ್ದಾರೆಯೇ? ಗದರಬೇಡಿ. ಬಿಡುವುದಕ್ಕೆ ಅವರಿಗೆ ಕೈ ಹಿಡಿಯುವವರು ಬೇಕು.

ಒಬ್ಬಟ್ಟಿನ ವಿಷಯ. ಅದರಲ್ಲಿರುವುದು ಬೇಳೆ, ಬೆಲ್ಲ, ಮೈದಾ, ತುಪ್ಪ. ಈಗಿನ ಅವರ ಸ್ಥಿತಿಗೆ ಅದರಲ್ಲಿ ಬೇಡದ್ದು ಏನೂ ನನಗೆ ಕಾಣುವುದಿಲ್ಲ. ಯುಗಾದಿ ಕಳೆದಿದ್ದರೇನು, ಈ ಭಾನುವಾರ ಮಾಡಿ. ಬಿಸಿ ಹಾಲಿನಲ್ಲಿ ನೆನೆಸಿ, ತುಪ್ಪ ಹಾಕಿ, ನುಣ್ಣಗೆ ಕಿವುಚಿ, ಆರಿದ ಮೇಲೆ ಚಮಚದಲ್ಲಿ ತಿನ್ನಿಸಿ.